ಹಾಯಿ ಎತ್ತುತ್ತೀರಾ?

ಗೋವಾದ ನಮ್ಮ ಕನ್ನಡ ಸಂಘದ ಕಳೆದ ವರ್ಷದ ದೋಣಿವಿಹಾರದ ಲೆಕ್ಕ ವಾರ್ಷಿಕ ಸಭೆಯಲ್ಲಿ ಪಾಸಾಗಿದೆ. ಖಜಾಂಚಿಗಳ ಕೂಡು-ಕಳೆಯಲ್ಲಿ ಒಂದು ಪೈಸೆಯ ತಪ್ಪೂ ಇಲ್ಲ. ಆದರೂ ಆ ಪಟ್ಟಿಯಲ್ಲಿ ‘ಹಾಯಿದೋಣಿ ಬಾಡಿಗೆ’ ಎಂಬ ಸಾಲು ಕಂಡಾಗಲೆಲ್ಲ ನನಗೆ ಮುಜುಗರ. ಬಾಡಿಗೆ ನಿಜ, ದೋಣಿಯೂ ನಿಜ, ಹಾಯಿ ಮಾತ್ರ ಸುಳ್ಳು. ಗೊತ್ತು ಮಾಡಿ ಮುಂಗಡ ಕೊಟ್ಟು ಬಂದವನು ನಾನೇ. ಹಾಗಾಗಿ ಈ ಸಲದ ಸಂಪಾದಕೀಯವನ್ನು ತಪ್ಪೊಪ್ಪಿಗೆ ಅಂತಲೇ ಓದಿಕೊಳ್ಳಿ.

ಏಜೆಂಟರು ಮೊಬೈಲಿನಲ್ಲಿ ಕಳಿಸಿದ ಫೋಟೋ ನೋಡಿ ಮರುಳಾದೆ. ಕಡುಗಂದು ಮರದ ಮೈ, ಹಾಯಿ ಏರಿಸುವ ಎರಡು ಕೂವೆಮರ, ಬಸುರಿಯ ಹೊಟ್ಟೆಯ ಹಾಗೆ ಉಬ್ಬಿದ ಬಿಳಿ ಹಾಯಿ, ಹಿಂದೆ ಮುಳುಗುತ್ತಿರುವ ಸೂರ್ಯ. ಪಣಜಿಯ ಜೆಟ್ಟಿಯಲ್ಲಿ ಹತ್ತಿದಾಗ ದೋಣಿ ಅದೇ, ಕೂವೆಯೂ ಅದೇ. ಹಾಯಿಯನ್ನು ಚಾಪೆಯಂತೆ ಸುತ್ತಿ ಕಟ್ಟಿ, ಅದರ ಮೇಲೆ ಗಣಪತಿ ಹಬ್ಬದ ಸೀರಿಯಲ್ ಲೈಟು ಬಿಗಿದಿದ್ದರು. ನಾನು ಸಮುದ್ರದ ದಂಡೆಯ ಊರಿನವನು, ಕುತೂಹಲಕ್ಕೆ ಕೂವೆಯ ಬುಡಕ್ಕೆ ಹೋಗಿ ಹಗ್ಗ ಜಗ್ಗಿ ನೋಡಿದೆ. ಅಲುಗಲಿಲ್ಲ. ಮರಕ್ಕೆ ವಾರ್ನಿಷ್ ಬಳಿಯುವಾಗ ಹಗ್ಗ ಹಾಯುವ ರಾಟೆಗೂ ಸೇರಿಸಿಯೇ ಬಳಿದುಬಿಟ್ಟಿದ್ದರು. ಹಗ್ಗ ರಾಟೆಗೆ ಅಂಟಿ ಕೂತಿತ್ತು. ಎಷ್ಟು ವರ್ಷದಿಂದಲೋ!

ಆಮೇಲಿನ ಎರಡು ಗಂಟೆ ಡೀಸೆಲ್ ಎಂಜಿನ್ನಿನ ಢಗಢಗ, ಅದನ್ನು ಮೀರಿಸುವ ಸ್ಪೀಕರ್, ಆಚೀಚೆ ಕ್ಯಾಸಿನೋ ಹಡಗುಗಳ ಕಣ್ಣು ಕುಕ್ಕುವ ದೀಪ. ನಮ್ಮ ಭಾನುವಾರದ ಕನ್ನಡ ತರಗತಿಯಲ್ಲಿ ‘ಹ’ ಅಕ್ಷರಕ್ಕೆ ಹಾಯಿ ಎಂದು ಕಲಿತಿದ್ದ ಹುಡುಗಿಯೊಬ್ಬಳು ನನ್ನ ಅಂಗಿ ಹಿಡಿದು, “ಮಾಮಾ, ಹಾಯಿ ಯಾವಾಗ ಎತ್ತತಾರ?” ಎಂದು ಕೇಳಿದಳು. ದೋಣಿಯ ಹುಡುಗ ನನಗಿಂತ ಮುಂಚೆ ಉತ್ತರ ಕೊಟ್ಟ: “ವೋ ತೋ ಶೋ ಕೇ ಲಿಯೇ ಹೈ.”

ಅವನದೂ ತಪ್ಪಿಲ್ಲ. ಬಾಡಿಗೆ ಮಾತಾಡುವಾಗ ನಾನು ಕೇಳಿದ್ದು ಏನೇನು? ಊಟ ಇದೆಯಾ, ಶೌಚಾಲಯ ಇದೆಯಾ, ಎಷ್ಟು ಹೊತ್ತಿಗೆ ವಾಪಸು, ಮಕ್ಕಳಿಗೆ ಅರ್ಧ ಟಿಕೆಟ್ಟಾ. ಹಾಯಿ ಎತ್ತುತ್ತೀರಾ ಎಂದು ಕೇಳಬೇಕೆಂಬುದು ತಲೆಗೇ ಹೊಳೆಯಲಿಲ್ಲ. ಮದುವೆಗೆ ಹೋದವರು ಮದುಮಗಳು ಬರುತ್ತಾಳಾ ಎಂದು ಕೇಳುತ್ತಾರೆಯೇ?

ಈ ಸಲ ಬುದ್ಧಿ ಕಲಿತು ಏಜೆಂಟರನ್ನು ಬಿಟ್ಟೆ. ಪಣಜಿಯ ಎದುರು ದಡದ ಬೆತಿಮ್‌ಗೆ, ಮಾಲಿಮ್ ಮೀನುಜೆಟ್ಟಿಗೆ ಹೋಗಿ ವಿಚಾರಿಸುತ್ತ ಕೂತೆ. ಮೂರನೇ ಭಾನುವಾರ ಒಬ್ಬ ತಾಂಡೇಲರು, ಅಂದರೆ ದೋಣಿ ನಡೆಸುವ ಯಜಮಾನರು, ಸಿಕ್ಕರು. ಕಾರವಾರದ ಹತ್ತಿರದ ಮಾಜಾಳಿಯವರು. ಹಳೆಯದೊಂದು ಮಚವೆ (ಮರದ ಹಾಯಿದೋಣಿ) ಇದೆ, ಪ್ರಯಾಣಿಕರನ್ನು ಕೂರಿಸಲು ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯ ಪರವಾನಗಿ ಇದೆ, ಒಂದೇ ಕೂವೆ, ಒಂದೇ ಹಾಯಿ. ಕನ್ನಡ ಎಂದ ಕೂಡಲೇ ಅವರ ಮುಖ ಅರಳಿತು. ಹಾಯಿ ಎಂದ ಕೂಡಲೇ ಸಪ್ಪಗಾಯಿತು.

“ಸರ್, ಮೋಟರ್ ಹಾಕಿದ್ರೆ ನಾನೊಬ್ನೇ ಸಾಕು. ಹಾಯಿ ಎತ್ಬೇಕಂದ್ರೆ ನಾಲ್ಕು ಆಳು ಬೇಕು. ಅವರ ಪಗಾರ ಯಾರು ಕೊಡ್ತಾರೆ?”

ಹಾಯಿ ಯಾಕೆ ಶೋಕಿಯಾಯಿತು ಎಂಬುದರ ಅರ್ಧ ಕಥೆ ಈ ಒಂದು ಪ್ರಶ್ನೆಯಲ್ಲೇ ಇತ್ತು. ನಮ್ಮ ಕರಾವಳಿಯ ಹಾಯಿ ಮುಕ್ಕೋನೆಯದು. ಉದ್ದನೆಯ ಅಡ್ಡಮರವೊಂದಕ್ಕೆ ಅದನ್ನು ಕಟ್ಟಿ, ಆ ಮರವನ್ನು ಕೂವೆಗೆ ಓರೆಯಾಗಿ ಏರಿಸುತ್ತಾರೆ. ಗಾಳಿಯನ್ನು ಇನ್ನೊಂದು ಮಗ್ಗುಲಿಗೆ ತೆಗೆದುಕೊಳ್ಳಬೇಕಾದರೆ ಹಾಯಿ ಸಮೇತ ಆ ಇಡೀ ಮರವನ್ನೇ ಕೂವೆಯ ಆಚೆ ಬದಿಗೆ ದಾಟಿಸಬೇಕು. ಒಬ್ಬ ಚುಕ್ಕಾಣಿ ಬಿಡುವಂತಿಲ್ಲ, ಉಳಿದವರು ಹಗ್ಗ ಬಿಡುವಂತಿಲ್ಲ. ಕೀಲಿ ತಿರುಗಿಸಿದರೆ ಹೊರಡುವ ಎಂಜಿನ್ ಬಂದ ಮೇಲೆ ಈ ರಗಳೆ ಯಾರಿಗೆ ಬೇಕು? ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಮುಂಬೈವರೆಗೂ ಹೆಂಚು ಹೊತ್ತು ಓಡಾಡಿದ ಮಂಜಿ, ಪತ್ತೆಮಾರಿ ಎಂಬ ಹಾಯಿಹಡಗುಗಳಿಗೆ ಬೇರೆ ಉಪಾಯ ಇರಲಿಲ್ಲ. ನಮಗೆ ಇದೆ.

ಉಳಿದರ್ಧ ಕಥೆ ಗಿರಾಕಿಗಳದು, ಅಂದರೆ ನಮ್ಮದು. ನಮ್ಮ ಕಾರ್ಯದರ್ಶಿಗಳು ಹುಣ್ಣಿಮೆಯ ದಿನವೇ ಹೋಗೋಣ, ಬೆಳದಿಂಗಳು ಇರುತ್ತದೆ ಎಂದು ಪಟ್ಟು ಹಿಡಿದಿದ್ದರು. ತಾಂಡೇಲರು ತಲೆ ಅಲ್ಲಾಡಿಸಿಬಿಟ್ಟರು. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ಮಧ್ಯಾಹ್ನದ ಹೊತ್ತಿಗೇ ಭರ್ತಿ, ಅಂದರೆ ಉಬ್ಬರ, ಮುಗಿಯುತ್ತದೆ. ಗಾಳಿ ಏಳುವ ಹೊತ್ತಿಗೆ ನೀರು ಸಮುದ್ರದ ಕಡೆ ಇಳಿಯತೊಡಗಿರುತ್ತದೆ. ಹಾಯಿ ಮುಂದಕ್ಕೆ ಎಳೆದರೆ ಹೊಳೆ ಹಿಂದಕ್ಕೆ. ಉಬ್ಬರ ದಿನಕ್ಕೆ ಹೆಚ್ಚುಕಡಿಮೆ ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆ, ತಡವಾಗುತ್ತ ಹೋಗುತ್ತದೆ, ಆದ್ದರಿಂದ ಅಷ್ಟಮಿಯ ಆಸುಪಾಸಿನಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೂ ನೀರು ಏರುತ್ತಲೇ ಇರುತ್ತದೆ. ಪಂಚಾಂಗವನ್ನು ನಾನು ಈವರೆಗೆ ರಾಹುಕಾಲಕ್ಕೆ ಮಾತ್ರ ನೋಡುತ್ತಿದ್ದೆ. ಅದರಲ್ಲಿ ಸಮುದ್ರದ ಟೈಮ್‌ಟೇಬಲ್ ಇದೆ ಎಂದು ಅರವತ್ತರ ಹತ್ತಿರ ಬಂದ ಮೇಲೆ ಗೊತ್ತಾಯಿತು.

ಗಾಳಿಗೂ ಅದರದೇ ಪಾಳಿ ಇದೆ. ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಬೆಳಿಗ್ಗೆ ನೆಲದಿಂದ ಕಡಲಿಗೆ ತಣ್ಣನೆಯ ಗಾಳಿ, ನಡುವೆ ಒಂದಿಷ್ಟು ಹೊತ್ತು ಸ್ತಬ್ಧ, ಮಧ್ಯಾಹ್ನದ ನಂತರ ಕಡಲಿಂದ ನೆಲಕ್ಕೆ, ವಾಯುವ್ಯದ ಕಡೆಯಿಂದ. ಸೂರ್ಯ ಇಳಿದಂತೆ ಅದೂ ಇಳಿಯುತ್ತದೆ. ಅಂದರೆ ‘ಸನ್‌ಸೆಟ್ ಕ್ರೂಸ್’ ಎಂದು ಎಲ್ಲರೂ ದುಡ್ಡು ಸುರಿಯುವ ಹೊತ್ತಿದೆಯಲ್ಲ, ಹಾಯಿಗೆ ಅದು ಮನೆಗೆ ಹೋಗುವ ಹೊತ್ತು. ಇದನ್ನೆಲ್ಲ ಸಮಿತಿಯಲ್ಲಿ ವಿವರಿಸಿದಾಗ ವಿಜಯಪುರದ ಕಡೆಯ ನಮ್ಮ ಹಿರಿಯ ಸದಸ್ಯರು, “ಅದಕ್ಕ ನಮ್ಮಲ್ಲಿ ಗಾಳಿ ಬಂದಾಗ ತೂರಿಕೋ ಅಂತಾರ್ರೀ” ಅಂದರು. ಕಣದಲ್ಲಿ ಜೋಳ ತೂರಿದವರಿಗೆ ಗಾಳಿಯ ಮರ್ಜಿ ಹೊಸದೇನಲ್ಲ. ಹುಣ್ಣಿಮೆಯ ಠರಾವು ಅಲ್ಲಿಗೆ ಬಿದ್ದಿತು.

ನಮ್ಮಲ್ಲಿ ಮಾತ್ರ ಹೀಗೆ ಎಂದು ಹಳಹಳಿಸುವುದೂ ಬೇಡ. ಮರದ ಹಾಯಿದೋಣಿಯ ರಜೆ ಎಂದರೆ ಜಗತ್ತು ಮೊದಲು ನೆನೆಯುವುದು ಟರ್ಕಿಯ ಬೊದ್ರುಮ್ ಕಡೆಯ ಗುಲೆಟ್‌ಗಳನ್ನು. ಕಪ್ತಾನ, ಅಡುಗೆಯವನ ಸಮೇತ ಇಡೀ ದೋಣಿಯನ್ನು ಒಂದು ವಾರಕ್ಕೆ ಬಾಡಿಗೆ ಹಿಡಿದು ಕೊಲ್ಲಿಯಿಂದ ಕೊಲ್ಲಿಗೆ ಹೋಗುತ್ತಾರೆ. 1925ರಲ್ಲಿ ಆ ಊರಿಗೆ ಗಡೀಪಾರಾಗಿ ಬಂದ ಲೇಖಕರೊಬ್ಬರು ಅಲ್ಲೇ ನೆಲೆನಿಂತು, ಗೆಳೆಯರನ್ನು ಕಟ್ಟಿಕೊಂಡು ಸ್ಪಂಜು ಹೆಕ್ಕುವವರ ದೋಣಿಗಳಲ್ಲಿ ಅಲೆದದ್ದರಿಂದ ಹುಟ್ಟಿದ ಚಾಳಿ ಅದು. ‘ನೀಲಿ ಪಯಣ’ ಅಂತಲೇ ಅದನ್ನು ಕರೆಯುತ್ತಾರೆ. ಇಂಡೋನೇಷ್ಯಾದ ಪಿನಿಸಿ ದೋಣಿ ಕಟ್ಟುವ ಕಲೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಪಟ್ಟಿಗೆ ಸೇರಿಸಿತು, ಕೊಮೊಡೊ ದ್ವೀಪಕ್ಕೆ ಹೋಗುವ ಪ್ರವಾಸಿಗರು ಅವನ್ನೇ ಹಿಡಿಯುತ್ತಾರೆ. ಆದರೆ ಗುಲೆಟ್ ಆಗಲಿ ಪಿನಿಸಿ ಆಗಲಿ, ಹೆಚ್ಚಿನವು ಹೆಚ್ಚು ಹೊತ್ತು ಓಡುವುದು ಎಂಜಿನ್ನಿನಲ್ಲೇ. ಅಲ್ಲಿಗೆ ಹೋದರೂ ಬಾಡಿಗೆಗೆ ಮುಂಚೆ ಕೇಳಬೇಕಾದ ಪ್ರಶ್ನೆ ಇದೇ.

ಎಂಜಿನ್ನೇ ಇಲ್ಲದ ಹಡಗೊಂದು ನಮ್ಮ ಬಗಲಲ್ಲೇ ಹುಟ್ಟಿದ್ದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಹಳೆ ಗೋವಾದಿಂದ ಫೆರಿಯಲ್ಲಿ ದಾಟಿದರೆ ಸಿಗುವ ದಿವಾಡಿ ದ್ವೀಪದ ಹಡಗುಕಟ್ಟೆಯಲ್ಲಿ, ಅಜಂತಾದ ಚಿತ್ರವೊಂದನ್ನು ನೋಡಿಕೊಂಡು, ಮೊಳೆ ಹೊಡೆಯದೆ, ಹಲಗೆಗೆ ಹಲಗೆಯನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಹಡಗು ಅದು. ಕೇರಳದ ಕುಶಲಕರ್ಮಿಗಳ ಕೈ. 2025ರ ಫೆಬ್ರವರಿಯಲ್ಲಿ ನೀರಿಗಿಳಿಯಿತು, ಮೇ 21ರಂದು ಕಾರವಾರದಲ್ಲಿ ‘ಕೌಂಡಿನ್ಯ’ ಎಂಬ ಹೆಸರಿನಿಂದ ನೌಕಾಪಡೆಗೆ ಸೇರಿತು, ಅದೇ ಡಿಸೆಂಬರಿನಲ್ಲಿ ಪೋರಬಂದರಿನಿಂದ ಮಸ್ಕತ್ತಿಗೆ ಹೊರಟಿತು. ಅದರ ಹಾಯಿಯ ಮೇಲೆ ಏನಿದೆ ಗೊತ್ತೇ? ಗಂಡಭೇರುಂಡ! ನಮ್ಮ ರಾಜ್ಯ ಲಾಂಛನದ ಹಕ್ಕಿ ಅರಬ್ಬಿ ಸಮುದ್ರದ ಗಾಳಿ ಹೀರಿಕೊಂಡು ಉಬ್ಬಿ ನಿಂತ ಫೋಟೋವನ್ನು ಸಂಘದ ಕಚೇರಿಯಲ್ಲಿ ಹಾಕಿಸಿದ್ದೇವೆ. ಬಂದು ನೋಡಿ.

ಈ ವರ್ಷದ ದಾರಿ ಇದರಿಂದಲೇ ಹೊಳೆದದ್ದು. ಪಣಜಿಯಿಂದ ಹೊರಟರೆ ಮೂರು ಸೇತುವೆಗಳ ಅಡಿ ಕೂವೆ ನುಸುಳಿಸುವ ಚಿಂತೆ, ಮೇಲೆ ಕ್ಯಾಸಿನೋ ಗದ್ದಲ. ಹಾಗಾಗಿ ಹಳೆ ಗೋವಾದಿಂದ ಹೊಳೆಯ ಮೇಲ್ಬದಿಗೆ, ದಿವಾಡಿಯನ್ನು ಬಳಸಿಕೊಂಡು ನಾರ್ವೆ ಎಂಬ ಊರಿಗೆ. ನಾರ್ವೆಯಲ್ಲಿ ಸಪ್ತಕೋಟೀಶ್ವರನ ಗುಡಿ. ಗೋವೆಯ ಕದಂಬರ ಮನೆದೇವರು. ಸಪ್ತಕೋಟೀಶ್ವರನಿಂದ ವರ ಪಡೆದವರು ಎಂದು ಆ ಅರಸರು ನಾಣ್ಯದ ಮೇಲೆ ಹೊಡೆಸಿಕೊಳ್ಳುತ್ತಿದ್ದರು. ದೇವರು ಮೊದಲಿದ್ದದ್ದು ದಿವಾಡಿಯಲ್ಲೇ. ಪೋರ್ಚುಗೀಸರು ಗುಡಿ ಕೆಡವಿದಾಗ ಭಕ್ತರು ಲಿಂಗವನ್ನು ಹೊಳೆ ದಾಟಿಸಿದರು, 1668ರಲ್ಲಿ ಶಿವಾಜಿ ಮಹಾರಾಜರು ನಾರ್ವೆಯ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದರು. ದಿನಾ ಗೋವಾ ಸರ್ಕಾರದ ‘ಕದಂಬ’ ಬಸ್ಸಿನಲ್ಲಿ ಜೋತುಬಿದ್ದು ಕೆಲಸಕ್ಕೆ ಹೋಗುವ ನಮಗೆ ಆ ಹೆಸರು ಬಸ್ಸಿಗಿಂತ ಹಳೆಯದು ಎಂದು ಮಕ್ಕಳಿಗೆ ತೋರಿಸಲು ಇದೊಂದು ನೆಪ. ದೇವರು ದಾಟಿದ ಹೊಳೆಯನ್ನು ನಾವೂ ದೋಣಿಯಲ್ಲೇ ದಾಟುತ್ತೇವೆ. ಹೊಳೆ ಮಾಂಡೋವಿ, ಅಂದರೆ ಖಾನಾಪುರದ ಭೀಮಗಡದ ಕಾಡಿನಲ್ಲಿ ಹುಟ್ಟಿದ ನಮ್ಮ ಮಹದಾಯಿ. ನೀರಿನ ಜಗಳವನ್ನು ಆ ದಿನದ ಮಟ್ಟಿಗೆ ದಡದಲ್ಲೇ ಬಿಟ್ಟು ಹತ್ತಬೇಕೆಂದು ಎಲ್ಲರಲ್ಲೂ ವಿನಂತಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಹೋಗುವಾಗ ಹಿಂಗಾಳಿ, ಜೊತೆಗೆ ಭರ್ತಿ, ಹಾಯಿಯಲ್ಲೇ ಹೋಗುತ್ತೇವೆ. ಬರುವಾಗ ಗಾಳಿ ಬಿದ್ದಿರುತ್ತದೆ, ಎಂಜಿನ್ ಹಾಕುತ್ತಾರೆ. ಹೋಗುವಾಗಲೂ ಗಾಳಿ ಕೈಕೊಟ್ಟರೆ ತಾಂಡೇಲರ ಮಾತೇ ಕೊನೆ. ಸ್ಪೀಕರ್ ಇಲ್ಲ. ಖರ್ಚು ಹೋದ ವರ್ಷಕ್ಕಿಂತ ತಲೆಗೆ ಮುನ್ನೂರು ರೂಪಾಯಿ ಹೆಚ್ಚು, ಅದು ಆಳುಗಳ ಪಗಾರ. ಜಾಗ ಹದಿನಾರೇ ಮಂದಿಗೆ. ಒಂದು ಮಗು ತೊಡೆಯ ಮೇಲೆ ಕೂತರೂ ಲೆಕ್ಕಕ್ಕೆ ಬರುತ್ತದೆ. ಉಳಿದವರಿಗೆ ಮುಂದಿನ ಅಷ್ಟಮಿ.

ಲೈಫ್ ಜಾಕೆಟ್ ವಿಷಯದಲ್ಲಿ ಚೌಕಾಸಿ ಇಲ್ಲ. 2024ರ ಡಿಸೆಂಬರ್ 18ರಂದು ಮುಂಬೈಯಲ್ಲಿ ಎಲಿಫೆಂಟಾಕ್ಕೆ ಹೊರಟ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟು ಬಡಿದ ದೃಶ್ಯವನ್ನು ನಾವೆಲ್ಲ ಟಿವಿಯಲ್ಲಿ ನೋಡಿದವರು. ಹೋದ ವರ್ಷ ಇಳಕಲ್ ಸೀರೆಯ ಮೇಲೆ ಆ ಕಿತ್ತಳೆ ಬಣ್ಣದ ಅಂಗಿ ಚಂದ ಕಾಣುವುದಿಲ್ಲ ಎಂದು ಅಕ್ಕಂದಿರು ಅದನ್ನು ದಿಂಬು ಮಾಡಿಕೊಂಡು ಕೂತಿದ್ದರು. ಈ ಸಲ ಹಾಕಿಕೊಂಡವರಿಗೆ ಮಾತ್ರ ರೊಟ್ಟಿ, ಶೇಂಗಾ ಚಟ್ನಿ. ಬುತ್ತಿಯ ಗಂಟು ನನ್ನ ಹತ್ತಿರ ಇರುತ್ತದೆ.

ಕೊನೆಗೆ ತಾಂಡೇಲರದೊಂದು ಬೇಡಿಕೆ. ಆಳುಗಳ ಜೊತೆ ಹಗ್ಗಕ್ಕೆ ನಮ್ಮವರೂ ನಾಲ್ವರು ಕೈ ಹಾಕಿದರೆ ಹಾಯಿ ಬೇಗ ಏರುತ್ತದಂತೆ. ವಿಜಯಪುರದ ಹಿರಿಯರು ಮೊದಲು ಹೆಸರು ಬರೆಸಿದರು, ವಯಸ್ಸು ಕೇಳಿದ್ದಕ್ಕೆ ಬೈದರು. ಖಜಾಂಚಿಗಳು ಎರಡನೆಯವರು. ಕನ್ನಡ ತರಗತಿಯ ಆ ಹುಡುಗಿಯ ಅಪ್ಪ ಮೂರನೆಯವರು, ಅವಳೇ ಬಂದು ಬರೆಸಿ ಹೋದಳು. ನಾಲ್ಕನೆಯ ಜಾಗ ಖಾಲಿ ಇದೆ. ಬರುವವರು ಬೆರಳಿನ ಉಂಗುರ ಮನೆಯಲ್ಲೇ ಬಿಚ್ಚಿಟ್ಟು ಬರಬೇಕು. ಹಗ್ಗ ಜಾರಿದರೆ ಬೆರಳು ಉಳಿಯುವುದಿಲ್ಲ ಎಂದು ತಾಂಡೇಲರು ಎರಡು ಸಲ ಹೇಳಿ ಕಳಿಸಿದ್ದಾರೆ.