ಆ ಮನೆಯ ಹೊಸ್ತಿಲು ದಾಟುವ ಮೊದಲು

ಚಿ. ಸುಮೇಧಾಳಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಮೈಸೂರಿನಲ್ಲಿ ನಾವೆಲ್ಲ ಕ್ಷೇಮ. ರಜೆಯಲ್ಲಿ ಬರ್ಲಿನ್ನಿನಿಂದ ಡೆನ್ಮಾರ್ಕಿಗೆ ಹೊರಟಿದ್ದೀಯೆಂದೂ, ಗುರುತು ಪರಿಚಯವಿಲ್ಲದವರ ಮನೆಗಳಲ್ಲಿ ಪುಕ್ಕಟೆಯಾಗಿ ಉಳಿಯುತ್ತೀಯೆಂದೂ ನಿನ್ನ ಅಮ್ಮ ಹೇಳಿದಳು. ಅವಳಿಗೆ ಭಯ. ನನಗೆ ಮಾತ್ರ ಆ ‘ಪುಕ್ಕಟೆ’ ಎಂಬ ಮಾತು ಚುಚ್ಚಿತು.

ನೀನು ಹೋಗುತ್ತಿರುವ ನಾಡಿನಲ್ಲಿಯೇ ಈ ಪದ್ಧತಿಗೆ ಒಂದು ರೂಪ ಬಂದದ್ದು. ಯುದ್ಧಕ್ಕೆ ಸೇರಲು ಒಪ್ಪದೆ ಜೈಲು ಕಂಡಿದ್ದ ಬಾಬ್ ಲೂಟ್‌ವೈಲರ್ ಎಂಬ ಅಮೆರಿಕನ್ 1949ರಲ್ಲಿ ಡೆನ್ಮಾರ್ಕಿನಲ್ಲಿ ಗೆಳೆಯರ ಜೊತೆ ಸೇರಿ ಇದನ್ನು ಆರಂಭಿಸಿದರು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡು ಮಲಗಿದರೆ ದೇಶ ದೇಶಗಳ ನಡುವಿನ ಹಗೆ ಕರಗೀತು ಎಂಬುದು ಅವರ ನಂಬಿಕೆ. ಮುಂದೆ ಅದಕ್ಕೆ ‘ಸರ್ವಾಸ್’ ಎಂಬ ಹೆಸರಾಯಿತು. ಬೇರೆ ಬೇರೆ ನಾಡಿನವರು ಪರಸ್ಪರ ಮಾತಾಡಲೆಂದು ರೂಪಿಸಿದ ಎಸ್ಪೆರಾಂಟೊ ಭಾಷೆಯಲ್ಲಿ ಅದು ಸೇವೆಗೆ ಸಂಬಂಧಿಸಿದ ಪದ. ಮೊದಲು ಸಂದರ್ಶನ, ಬಳಿಕ ಪರಿಚಯ ಪತ್ರ, ಸಾಮಾನ್ಯವಾಗಿ ಎರಡು ರಾತ್ರಿಯ ವಾಸ.

ನಾನೂ ನಿನ್ನ ದೊಡ್ಡಪ್ಪನೂ ಬಹಳ ವರ್ಷ ಹಾಗೆ ಬಂದವರಿಗೆ ಮನೆ ತೆರೆದಿಟ್ಟಿದ್ದೆವು. ಒಮ್ಮೆ ಡೆನ್ಮಾರ್ಕಿನ ನಿವೃತ್ತ ಶಿಕ್ಷಕಿಯೊಬ್ಬರು ಬಂದಿದ್ದರು. ಅವರೆಕಾಯಿಯ ಕಾಲ. ರಾತ್ರಿ ನಾನು ನೆನೆಸಿದ ಕಾಳನ್ನು ಹಿತುಕುತ್ತಾ ಕುಳಿತಿದ್ದರೆ ಅವರೂ ಪಕ್ಕದಲ್ಲಿ ಕುಳಿತು ಕೈಹಾಕಿದರು. ಮೊದಲ ಹತ್ತಿಪ್ಪತ್ತು ಕಾಳು ಅವರ ಬೆರಳಿನಿಂದ ಹಾರಿ ಗೋಡೆಗೆ ಬಡಿದವು. ಕೈಗೆ ಪಳಗಿದ ಮೇಲೆ, ಜರ್ಮನ್ ಸೈನ್ಯ ತಮ್ಮ ಊರಿನಲ್ಲಿ ಬೀಡುಬಿಟ್ಟಿದ್ದಾಗ ಅಮ್ಮ ಸಂಜೆಯಾದೊಡನೆ ಕಿಟಕಿಗಳಿಗೆ ಕಪ್ಪು ಪರದೆ ಎಳೆಯುತ್ತಿದ್ದುದನ್ನು ಹೇಳಿದರು. ಬೋಗುಣಿ ಖಾಲಿಯಾದರೂ ಮಾತು ಮುಗಿಯಲಿಲ್ಲ.

ಇನ್ನೊಬ್ಬ ಹುಡುಗ ಬಂದಿದ್ದ. ಉಂಡ, ಮಲಗಿದ, ಅರಮನೆ ಮತ್ತು ಚಾಮುಂಡಿಬೆಟ್ಟ ನೋಡಿದ, ಹೊರಟುಹೋದ. ಎರಡು ರಾತ್ರಿ ಇದ್ದು ನನ್ನ ಹೆಸರನ್ನೂ ಕೇಳಲಿಲ್ಲ. ಅವನ ಹೊದಿಕೆ ಮಡಿಸುವಾಗ ನನಗೆ ಅಳು ಬಂದಿತ್ತು. ಹಾಸಿಗೆ ಮಾತ್ರ ಸಾಕೆನಿಸಿದ ದಿನ ಹಾಸ್ಟೆಲಿಗೆ ದುಡ್ಡು ಕೊಟ್ಟು ಮಲಗು, ಅದರಲ್ಲಿ ತಪ್ಪಿಲ್ಲ. ಮನೆಗೆ ಹೋದರೆ ಸಂಜೆಯನ್ನು ಆ ಮನೆಯವರಿಗೆ ಕೊಡು. ತರಕಾರಿ ಹೆಚ್ಚು, ತಟ್ಟೆ ತೊಳೆ, ನಿನ್ನ ಕೈಯ ಸಾರು ಉಣಿಸು. ಮಾಂಸ ತಿನ್ನುವುದಿಲ್ಲವೆಂದು ಮೊದಲೇ ಬರೆದು ತಿಳಿಸು. ಬಡಿಸಿದ ಮೇಲೆ ಬೇಡವೆನ್ನಬೇಡ.

ಈಗ ಇಂಥ ಜಾಲಗಳು ಹಲವು. ಸೈಕಲ್ ಪ್ರವಾಸಿಗರಿಗೆ ವಾರ್ಮ್‌ಶವರ್ಸ್, ಹೆಂಗಸರಿಗೆಂದೇ 1984ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಕೂಟವೂ ಒಂದಿದೆ. ಕೌಚ್‌ಸರ್ಫಿಂಗ್ 2011ರಲ್ಲಿ ಲಾಭದ ಕಂಪನಿಯಾಯಿತು, 2020ರಿಂದ ಹಲವು ದೇಶಗಳಲ್ಲಿ ಸದಸ್ಯರಿಂದ ಶುಲ್ಕ ಪಡೆಯತೊಡಗಿತು. ಸ್ವಯಂಸೇವಕರೇ ನಡೆಸುವ ಬೀವೆಲ್‌ಕಮ್ ಇನ್ನೂ ಉಚಿತ; ನನ್ನ ಒಲವು ಅದರ ಕಡೆಗೆ. ಯಾವುದೇ ಆಗಲಿ, ಮೊದಲು ಉಳಿದುಬಂದವರು, ಅದರಲ್ಲಿಯೂ ಒಂಟಿಯಾಗಿ ಹೋದ ಹೆಂಗಸರು, ಏನು ಬರೆದಿದ್ದಾರೆಂದು ನಿಧಾನವಾಗಿ ಓದು. ಎಲ್ಲಿ ಮಲಗುವುದು, ಮನೆಯಲ್ಲಿ ಯಾರ್ಯಾರು ಇರುತ್ತಾರೆ ಎಂದು ನೇರವಾಗಿ ಕೇಳು. ಆ ಮನೆಯ ವಿಳಾಸ ನಿನ್ನ ಅಮ್ಮನ ಬಳಿ ಇರಲಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ಮನೆಯ ಹೆಣ್ಣುಮಕ್ಕಳನ್ನು ನಾವು ದಾಕ್ಷಿಣ್ಯ ಕಲಿಸಿ ಬೆಳೆಸಿದ್ದೇವೆ. ಅವರ ಅನ್ನ ಉಂಡೆನಲ್ಲ, ಹೇಗೆ ಎದ್ದುಹೋಗಲಿ ಎಂದು ಒಂದು ಕ್ಷಣವೂ ಯೋಚಿಸಬೇಡ. ಮನಸ್ಸು ಅಳುಕಿದರೆ ನಡುರಾತ್ರಿಯಾದರೂ ಚೀಲ ಎತ್ತಿಕೊಂಡು ಹೊರಡು. ಕಾರಣ ಹೇಳಬೇಕಾಗಿಲ್ಲ. ಒಂದು ರಾತ್ರಿಯ ಹೋಟೆಲಿನ ಹಣ ಯಾವಾಗಲೂ ಕೈಯಲ್ಲಿರಲಿ. ಅದನ್ನು ನಾನು ಕಳುಹಿಸುತ್ತೇನೆ. ಅನ್ನದ ಋಣ ಇರುವುದು ನಿಜ. ನಿನಗೊಂದು ಮನೆಯಾದಾಗ ಇನ್ನಾರಿಗೋ ಹಾಸಿಗೆ ಹಾಸಿ ಅದನ್ನು ತೀರಿಸುವೆಯಂತೆ.

ನಿನ್ನನ್ನು ಅಕ್ಕರೆಯಿಂದ ನೋಡಿಕೊಂಡವರಿಗೆ ಮೈಸೂರು ನೋಡುವ ಆಸೆಯಿದ್ದರೆ ನಮ್ಮ ವಿಳಾಸ ಕೊಡು. ವಿದೇಶಿಯರು ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಅಧಿಕಾರಿಗಳಿಗೆ ಸಲ್ಲಿಸಬೇಕು, ಅದನ್ನು ದೊಡ್ಡಪ್ಪ ನೋಡಿಕೊಳ್ಳುತ್ತಾರೆ. ಮಹಡಿಯ ಕೋಣೆಯ ಹಾಸಿಗೆಯನ್ನು ನಿನ್ನೆ ಬಿಸಿಲಿಗೆ ಹಾಕಿಸಿದ್ದೇನೆ.

ಇಂತಿ ನಿನ್ನ
ದೊಡ್ಡಮ್ಮ