ಭಾನುವಾರವನ್ನು ಬಿಟ್ಟುಕೊಡಬೇಡ

ಪುಟ್ಟಿ,

ಮೊನ್ನೆ ಫೋನಿನಲ್ಲಿ "ಇವತ್ತು ಯಾವ ವಾರ ಅಮ್ಮ?" ಅಂತ ಕೇಳಿದೆಯಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿದೆ. ಕೆಲಸ ಹೋಗಿದ್ದಕ್ಕಿಂತ ನನಗೆ ಅದೇ ಜಾಸ್ತಿ ಚಿಂತೆ.

ಸೋಂಬೇರಿ ಆಗಿಬಿಟ್ಟೆ ಅಂತ ನಿನ್ನನ್ನೇ ನೀನು ಬೈದುಕೊಂಡೆ. ಹಾಗಲ್ಲ ಕಣೇ. ಬಿ.ಎ.ನಲ್ಲಿ ಸಮಾಜಶಾಸ್ತ್ರ ಓದುವಾಗ ನಮ್ಮ ಮೇಷ್ಟ್ರು ಆಸ್ಟ್ರಿಯಾದ ಒಂದು ಹಳ್ಳಿಯ ವಿಷಯ ಹೇಳಿದ್ದರು. ಮರಿಯೆಂಟಾಲ್ ಅಂತ. ಊರಿಗೆಲ್ಲ ಅನ್ನ ಕೊಡುತ್ತಿದ್ದದ್ದು ಒಂದೇ ಬಟ್ಟೆ ಗಿರಣಿ. 1930ರ ಹೊತ್ತಿಗೆ ಅದು ಮುಚ್ಚಿಹೋಯಿತು. ಮರೀ ಯಹೋಡಾ ಅನ್ನುವ ಹೆಣ್ಣುಮಗಳು ಮತ್ತು ಅವಳ ಜೊತೆಗಾರರು ಅಲ್ಲಿಗೆ ಹೋಗಿ, ಕೆಲಸ ಇಲ್ಲದ ಜನ ದಿನ ಹೇಗೆ ಕಳೆಯುತ್ತಾರೆ ಅಂತ ಬರೆದಿಟ್ಟುಕೊಂಡರು. ಗಂಡಸರು ಬೀದಿಯಲ್ಲಿ ನಿಂತು ನಿಂತು ನಡೆಯುತ್ತಿದ್ದರು. ಬಹಳ ಜನ ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಬೆಳಿಗ್ಗೆಯಿಂದ ಏನು ಮಾಡಿದೆ ಅಂದರೆ ಹೇಳುವುದಕ್ಕೇ ಏನೂ ಇರುತ್ತಿರಲಿಲ್ಲ. ಹೆಂಗಸರು ಮಾತ್ರ ಸರಸರ ಹೋಗುತ್ತಿದ್ದರಂತೆ. ಮನೆಕೆಲಸದಿಂದ ಅವರನ್ನು ಯಾರೂ ತೆಗೆದುಹಾಕಿರಲಿಲ್ಲವಲ್ಲ!

ನನಗೆ ಮರೆಯದ ವಿಷಯ ಇನ್ನೊಂದು. ಅಲ್ಲಿನ ಲೈಬ್ರರಿಯಿಂದ ಜನ ಪುಸ್ತಕ ಒಯ್ಯುವುದು ಎರಡೇ ವರ್ಷದಲ್ಲಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿತ್ತು. ಶುಲ್ಕ ತೆಗೆದುಹಾಕಿದ ಮೇಲೂ! ಆದ್ದರಿಂದ, "ಈಗ ಟೈಮ್ ಇದೆಯಲ್ಲ, ಹೊಸ ಕೋರ್ಸ್ ಮಾಡಿಕೊಳ್ಳಮ್ಮ" ಅಂತ ನಿನ್ನ ಅತ್ತೆ ಹೇಳಿದರೆ ಹೂಂ ಅಂದು ಸುಮ್ಮನಾಗಿಬಿಡು. ಬರೀ ಟೈಮ್ ಇದ್ದರೆ ಏನೂ ಆಗುವುದಿಲ್ಲ. ಇಷ್ಟು ಗಂಟೆಗೆ ಇಲ್ಲಿರಬೇಕು, ಇಂಥವರು ಕಾಯುತ್ತಿರುತ್ತಾರೆ ಅನ್ನುವುದು ಬೇಕು. ಆಫೀಸು ನಿನಗೆ ಸಂಬಳದ ಜೊತೆ ಅದನ್ನೂ ಕೊಡುತ್ತಿತ್ತು.

ಅದಕ್ಕೇ ಒಂದು ಮಾತು ಕೇಳು. ಪಿಜಿ ರೂಮಿನಲ್ಲಿ ಮಂಚದ ಮೇಲೆ ಕೂತು ಅರ್ಜಿ ಹಾಕಬೇಡ. ಸ್ನಾನ ಮಾಡಿ, ತಿಂಡಿ ತಿಂದು, ಹಂಪಿನಗರದ ಲೈಬ್ರರಿಗೆ ನಡೆದುಕೊಂಡು ಹೋಗು. ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವ ಮಕ್ಕಳೆಲ್ಲ ಅಲ್ಲಿರುತ್ತಾರೆ, ಜಾಗ ಬೇಕಾದರೆ ಬೇಗ ಹೋಗಬೇಕು. ಬೇಗ ಹೋಗಲೇಬೇಕು ಅನ್ನುವುದೇ ಒಳ್ಳೆಯದು, ಅಲ್ವಾ? ನೌಕ್ರಿ, ಲಿಂಕ್ಡ್‌ಇನ್ ಎಲ್ಲ ಮಧ್ಯಾಹ್ನ ಊಟದವರೆಗೆ ಮಾತ್ರ. ಆಮೇಲೆ ಲ್ಯಾಪ್‌ಟಾಪ್ ಮುಚ್ಚು. ರಾತ್ರಿ ಹನ್ನೆರಡಕ್ಕೆ ಮೇಲ್ ನೋಡಿದರೆ ಯಾವ ಎಚ್‌ಆರ್ ಕೂಡ ಆಗ ಎದ್ದು ಕೂತು ಉತ್ತರ ಬರೆಯುವುದಿಲ್ಲ.

ಭಾನುವಾರ ಲ್ಯಾಪ್‌ಟಾಪ್ ಮುಟ್ಟಲೇಬೇಡ. ಕೆಲಸ ಇಲ್ಲದವರಿಗೆ ರಜೆ ಯಾಕೆ ಅನ್ನಬೇಡ, ಕೆಲಸ ಹುಡುಕುವುದೂ ಕೆಲಸವೇ. ಅದಕ್ಕೂ ವಾರಕ್ಕೊಂದು ರಜೆ ಬೇಕು. ತಡವಾಗಿ ಏಳು, ತಲೆಗೆ ಎಣ್ಣೆ ಹಚ್ಚಿಕೋ, ಗೆಳತಿಯರ ಜೊತೆ ಎಲ್ಲಾದರೂ ಸುಮ್ನೆ ಸುತ್ತಿ ಬಾ. ಅವರು ದುಡ್ಡು ಕೊಡುತ್ತೇವೆ ಅಂದರೆ ಕೊಡಲಿ ಬಿಡು. ಇಷ್ಟು ದಿನ ನೀನು ಕೊಟ್ಟಿಲ್ಲವಾ?

ಈ ತಿಂಗಳ ಪಿಜಿ ದುಡ್ಡು ನಿನ್ನ ಅಕೌಂಟಿಗೆ ಹಾಕಿದ್ದೇವೆ. ಹೋದ ಸಲದ ಹಾಗೆ ವಾಪಸ್ ಕಳಿಸಬೇಡ, ನಿಮ್ಮಪ್ಪನಿಗೆ ಸಿಟ್ಟು ಬರುತ್ತೆ.

ನಿನ್ನ,
ಅಮ್ಮ