ಕೀಲಿ ಕಾಕಾರ ಬಳಿಯೇ ಇದೆ

ಪುಣೆಯ ಯೇರವಡಾದ ನಮ್ಮ ವಸ್ತಿಯ ಅಭ್ಯಾಸಿಕೆಗೆ, ಅಂದರೆ ಮಕ್ಕಳು ಕೂತು ಓದುವ ಕೋಣೆಗೆ, ಮಹಾನಗರಪಾಲಿಕೆಯ ನಾಗರಿಕ ಸಹಭಾಗದ ಬಜೆಟ್ಟಿನಿಂದ ಹಣ ಮಂಜೂರಾಗಿ, ಛಾವಣಿಯ ದುರಸ್ತಿ ಮುಗಿದಿದೆ; ಓಣಿಗೆ ದೀಪಗಳೂ ಬಂದಿವೆ. 2006ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ನಾಗರಿಕರು ತಮ್ಮ ಪ್ರದೇಶದ ಸಣ್ಣ ಕಾಮಗಾರಿಗಳನ್ನು ತಾವೇ ಸೂಚಿಸಬಹುದು. ನಮ್ಮ ಅರ್ಜಿಯನ್ನು ಮರಾಠಿಯಲ್ಲಿ ತುಂಬಿಕೊಟ್ಟ ಹಳೆಯ ವಿದ್ಯಾರ್ಥಿಗಳಿಗೆ, ಕ್ಷೇತ್ರೀಯ ಕಚೇರಿಗೆ ಅಲೆದ ಬಚತ್ ಗಟದ (ಸ್ವಸಹಾಯ ಸಂಘದ) ತಾಯಂದಿರಿಗೆ, ಪುಸ್ತಕ ಕೊಟ್ಟ ಎಲ್ಲರಿಗೂ ನಮಸ್ಕಾರ.

ಇನ್ನು ಕಾಕಾ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಅವರು ಪ್ರಾಯದಲ್ಲಿ ಜೈಲು ಕಂಡವರು. ಇದನ್ನು ಬರೆಯಲು ಅವರೇ ಒಪ್ಪಿದ್ದಾರೆ, ಹೆಸರು ಮಾತ್ರ ಬೇಡವೆಂದಿದ್ದಾರೆ. ನಮ್ಮ ಗಲ್ಲಿಯ ಹುಡುಗರು ಆಯುಧ ಹಿಡಿದು ಹೊರಟ ಆ ರಾತ್ರಿ ನಿಮ್ಮಲ್ಲಿ ಹಲವರಿಗೆ ನೆನಪಿದೆ. ಕಬ್ಬು ಕಡಿಯುವ ಕೊಯ್ತಾ ಹಿಡಿದು ರೀಲ್ಸಿನಲ್ಲಿ ‘ಭಾಯಿ’ ಎನಿಸಿಕೊಳ್ಳಲು ಹೊರಟಿದ್ದ ಹುಡುಗರಲ್ಲಿ ಇಬ್ಬರು ನನ್ನ ಬಳಿಯೇ ಗಣಿತ ಕಲಿತವರು. ನಾನು ಒಳಗಿನಿಂದ ಚಿಲಕ ಹಾಕಿಕೊಂಡು ಕುಳಿತಿದ್ದೆ. ಕಾಕಾ ಗಲ್ಲಿಯ ಬಾಯಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಒಬ್ಬೊಬ್ಬ ಹುಡುಗನ ತಾಯಿಯನ್ನೂ ಹೆಸರು ಹಿಡಿದು ಕೂಗಿ ಕರೆಸಿ, ಬೆಳಗಿನ ನಾಲ್ಕರವರೆಗೆ ಅಲ್ಲಿಂದ ಏಳಲಿಲ್ಲ. ಒಬ್ಬ ತಾಯಿ ಟವೆಲಿನಲ್ಲಿ ಸುತ್ತಿದ ಕೊಯ್ತಾವನ್ನು ತಂದು ಅವರ ಕಾಲ ಬಳಿ ಇಟ್ಟಳು. ಮರುದಿನ ನಾನು ಕೋಣೆ ಮುಚ್ಚುವುದಾಗಿ ಹೇಳಿ ಅತ್ತಾಗ ಅವರು ಬುದ್ಧಿ ಹೇಳಲಿಲ್ಲ. “ಕೀಲಿ ನನ್ನ ಕಡಿ ಇರ್ಲಿ ಮಗಳ, ನಿನಗ ಮನಸಾದಾಗ ಬಾ” ಎಂದರು. ಹನ್ನೊಂದು ದಿನ ನಾನು ಹೋಗಲಿಲ್ಲ. ಹನ್ನೊಂದು ದಿನವೂ ಕೋಣೆ ತೆರೆದಿತ್ತು.

ಪಾಲಿಕೆಗೆ ನಮ್ಮ ಕೃತಜ್ಞತೆ ಮನಃಪೂರ್ವಕವಾದುದೇ. ಆದರೂ ಒಂದು ಮಾತು ಹೇಳಲೇಬೇಕು. ಲಾಸ್ ಏಂಜಲೀಸ್ ನಗರವು 2007ರಲ್ಲಿ ಮೇಯರ್ ಕಚೇರಿಯಡಿ ಗ್ಯಾಂಗ್ ತಡೆಗೆಂದೇ ಒಂದು ವಿಭಾಗ ತೆರೆಯಿತು; ಅದರ ಹಣದಿಂದ ಸ್ಥಳೀಯ ಸಂಸ್ಥೆಗಳು ಓಣಿಯ ಒಳಹೊರಗು ಬಲ್ಲವರನ್ನು, ಹಿಂದೆ ಗ್ಯಾಂಗಿನಲ್ಲಿದ್ದವರನ್ನೂ, ಸಂಬಳಕ್ಕೆ ನೇಮಿಸಿಕೊಳ್ಳುತ್ತವೆ. ನಮ್ಮ ಅಂದಾಜುಪಟ್ಟಿಯಲ್ಲಿ ಸಿಮೆಂಟಿತ್ತು, ತಗಡಿತ್ತು, ವೈರಿಂಗ್ ಇತ್ತು. ರಾತ್ರಿ ಕುರ್ಚಿ ಹಾಕಿಕೊಂಡು ಕೂರುವ ಮನುಷ್ಯನಿಗೆ ಸಾಲು ಇರಲಿಲ್ಲ. ಮುಂದಿನ ಅರ್ಜಿಯಲ್ಲಿ ಆ ಸಾಲನ್ನು ಸೇರಿಸುತ್ತೇವೆ, ತಿರಸ್ಕರಿಸಿದರೆ ಮತ್ತೆ ಬರೆಯುತ್ತೇವೆ.

ಅಭ್ಯಾಸಿಕೆ ಸಂಜೆ 6ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಕೀಲಿ ಈಗಲೂ ಕಾಕಾರ ಬಳಿಯೇ ಇದೆ.